ಬಾಗಿಲಿಗೆ ತಲುಪದ ವೋಲ್ಟು



ದತ್ತಿ ಉಪನ್ಯಾಸ ಎಂದರೆ ಸಾಹಿತ್ಯ, ಇತಿಹಾಸ, ಅಧ್ಯಾತ್ಮ ಎಂಬ ರೂಢಿ ನಮ್ಮಲ್ಲಿದೆ. ಕೈಕಸುಬಿನ ಬಗ್ಗೆಯೂ ಕನ್ನಡದಲ್ಲಿ ಮಾತಾಗಬೇಕು ಎಂದು ಈ ದತ್ತಿ ಇಟ್ಟವರು ಬಯಸಿದರು. ಹಾಗಾಗಿ ಆಟೊ ಎಲೆಕ್ಟ್ರಿಕಲ್ ಕೆಲಸ ಮಾಡುತ್ತ, ಹುಡುಗರಿಗೆ ಅದನ್ನೇ ಕಲಿಸುತ್ತ ಬಂದ ನನಗೆ ಈ ಅವಕಾಶ ಸಿಕ್ಕಿದೆ. ಅವರಿಗೆ ನಾನು ಋಣಿ.

ಇವತ್ತು ನಾನು ಹೇಳುವುದು ಕಾರಿನ ಬಾಗಿಲಿನ ಬಗ್ಗೆ. ಬಾಗಿಲಿನ ಎಲೆಕ್ಟ್ರಾನಿಕ್ಸ್ ಕೈಕೊಟ್ಟಾಗ ಸ್ಕ್ಯಾನರಿನಲ್ಲಿ ಕಾಣುವ ಕೋಡು ಬರೀ ದೂರು. ಅದನ್ನು ತೀರ್ಪು ಎಂದುಕೊಂಡು ಮಾಡ್ಯೂಲನ್ನೇ, ಅಂದರೆ ಬಾಗಿಲನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೇ, ಬದಲಿಸುವ ಅಭ್ಯಾಸ ನಮ್ಮ ಊರಿನಲ್ಲಿ ಬೇರೂರಿಬಿಟ್ಟಿದೆ. ತೀರ್ಪು ಸಿಗಬೇಕಾದರೆ ಮೋಟಾರು ಎಳೆಯುತ್ತಿರುವಾಗಲೇ ಮೀಟರು ಹಿಡಿದು, ಬ್ಯಾಟರಿಯಿಂದ ಹೊರಟ ವೋಲ್ಟು ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಎಂದು ಹೆಜ್ಜೆ ಹೆಜ್ಜೆಗೂ ಅಳೆಯಬೇಕು. ಈ ಅಳತೆಗೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ಕೂಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಚೆನ್ನಾಗಿರುವ ಮಾಡ್ಯೂಲುಗಳು ಗುಜರಿ ಸೇರುತ್ತಿರುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ಈ ಮಾತನ್ನು ರಾಜಾಜಿನಗರದಲ್ಲಿ ಆಡುವುದಕ್ಕೆ ಒಂದು ಅರ್ಥವಿದೆ. 1949ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಹೆಸರಿನಲ್ಲಿ ಶುರುವಾದ ಈ ಬಡಾವಣೆ ಮೊದಲಿಂದಲೂ ಕಾರ್ಖಾನೆಗಳ, ಕೆಲಸಗಾರರ ಬಡಾವಣೆ. ಕೈಗಾರಿಕಾ ಎಸ್ಟೇಟು, ಇಎಸ್‌ಐ ಆಸ್ಪತ್ರೆ, ಕಾರ್ಡ್ ರೋಡಿನ ಪಕ್ಕದ ಲೇತ್ ಶಾಪುಗಳು, ಮಾಗಡಿ ರಸ್ತೆಯ ಕಡೆಗೆ ಹೋದರೆ ಸಾಲು ಸಾಲು ಗ್ಯಾರೇಜುಗಳು. ಮೈಕ್ರೋಮೀಟರು ಹಿಡಿದು ಅಳೆದ ಮೇಲೆಯೇ ಕೆಲಸ ಒಪ್ಪಿಸುತ್ತಿದ್ದ ಟರ್ನರುಗಳು, ಫಿಟ್ಟರುಗಳು ಇದ್ದ ಜಾಗ ಇದು. ಅಳತೆ ಇಲ್ಲದೆ ಮಾತಾಡಬಾರದು ಎಂಬ ಶಿಸ್ತು ಕಬ್ಬಿಣದ ಕೆಲಸಕ್ಕೆ ಇದ್ದ ಹಾಗೆ ಕರೆಂಟಿನ ಕೆಲಸಕ್ಕೂ ಬರಬೇಕು ಎಂಬುದೇ ನನ್ನ ಆಸೆ.

ಮಾರುತಿ 800 ಬಂದ ಕಾಲದ ಬಾಗಿಲನ್ನು ನೆನಪಿಸಿಕೊಳ್ಳಿ. ಗ್ಲಾಸ್ ಇಳಿಸಲು ಕೈಯಲ್ಲಿ ತಿರುಗಿಸುವ ಹ್ಯಾಂಡಲು, ಲಾಕಿಗೆ ಒಂದು ಕಡ್ಡಿ. ಬಾಗಿಲೊಳಗೆ ವೈರು ಎಂಬುದೇ ಇರಲಿಲ್ಲ. ಆಮೇಲೆ ಜೆ.ಸಿ. ರೋಡಿಗೆ ಹೋಗಿ ಸೆಂಟ್ರಲ್ ಲಾಕಿಂಗ್ ಹಾಕಿಸಿಕೊಂಡರು, ಪವರ್ ವಿಂಡೋ ಕಿಟ್ ಹಾಕಿಸಿಕೊಂಡರು, ಬಾಗಿಲಿಗೆ ಸ್ಪೀಕರ್ ಕೂರಿಸಿಕೊಂಡರು. ಒಂದೊಂದಕ್ಕೂ ಬೇರೆ ಬೇರೆ ವೈರು. ಕಾರು ಕಂಪನಿಗಳಿಗೂ ಇದೇ ತಲೆನೋವು ಇತ್ತು. ಕನ್ನಡಿ ತಿರುಗಿಸುವುದು, ಮಡಚುವುದು, ನಾಲ್ಕು ಗ್ಲಾಸುಗಳ ಸ್ವಿಚ್ಚು, ಲಾಕು, ಬಾಗಿಲು ತೆರೆದಿದೆಯೋ ಇಲ್ಲವೋ ಎಂಬ ಸುದ್ದಿ, ಇಷ್ಟಕ್ಕೂ ಪ್ರತ್ಯೇಕ ವೈರು ಎಳೆದರೆ ಡ್ರೈವರ್ ಬಾಗಿಲಿಗೆ ಹತ್ತಾರು ವೈರು ನುಗ್ಗಿಸಬೇಕಾಗುತ್ತಿತ್ತು.

ಅದಕ್ಕೆ ಕಂಡುಕೊಂಡ ದಾರಿಯೇ ಜಾಲ. ಆಡುಗೋಡಿಯ ಮೈಕೋ ಎಂದು ನಾವೆಲ್ಲ ಕರೆಯುತ್ತಿದ್ದ ಕಂಪನಿಯ ಮೂಲ ಸಂಸ್ಥೆಯಾದ ಜರ್ಮನಿಯ ಬಾಷ್, ಕ್ಯಾನ್ ಎಂಬ ಜಾಲದ ಭಾಷೆಯನ್ನು 1986ರಲ್ಲಿ ಹೊರತಂದಿತು. ಎರಡೇ ವೈರು, ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕಾರಿನಲ್ಲಿರುವ ಪೆಟ್ಟಿಗೆಗಳೆಲ್ಲ ಅದರ ಮೇಲೆ ಮಾತಾಡುತ್ತವೆ. 1990ರ ದಶಕದ ಕೊನೆಗೆ ಇದಕ್ಕಿಂತ ಅಗ್ಗದ, ಒಂದೇ ವೈರಿನ ಲಿನ್ ಬಂತು. ಇವತ್ತಿನ ಬಾಗಿಲಿನಲ್ಲಿ ಒಂದು ಮಾಡ್ಯೂಲು ಇರುತ್ತದೆ. ಅದಕ್ಕೆ ಬೇಕಾದುದು ದಪ್ಪನೆಯ ಒಂದು ಕರೆಂಟ್ ವೈರು, ಅಷ್ಟೇ ದಪ್ಪದ ಒಂದು ಅರ್ತ್, ಮಾತಾಡಲು ಒಂದೋ ಎರಡೋ ಸಣ್ಣ ವೈರು. ಉಳಿದದ್ದನ್ನೆಲ್ಲ ಬಾಗಿಲೊಳಗೇ ಅದು ನೋಡಿಕೊಳ್ಳುತ್ತದೆ.

ಇದರಿಂದ ವೈರು ಕಡಿಮೆಯಾಯಿತು, ನಿಜ. ಆದರೆ ಉಳಿದ ಒಂದು ವೈರಿನ ಮೇಲೆ ಹೊರೆ ಹೆಚ್ಚಾಯಿತು. ಮೊದಲು ಲಾಕಿನ ವೈರು ತುಂಡಾದರೆ ಲಾಕ್ ಮಾತ್ರ ಕೆಡುತ್ತಿತ್ತು. ಈಗ ಮಾಡ್ಯೂಲಿಗೆ ಬರುವ ಕರೆಂಟು ಸೊರಗಿದರೆ ಗ್ಲಾಸು, ಕನ್ನಡಿ, ಲಾಕು ಎಲ್ಲವೂ ಒಟ್ಟಿಗೇ ಹುಚ್ಚಾಟ ಆಡುತ್ತವೆ. ಎಲ್ಲವೂ ಒಟ್ಟಿಗೆ ಕೆಟ್ಟಿವೆ ಎಂದ ಮೇಲೆ ಮಾಡ್ಯೂಲೇ ಹೋಗಿರಬೇಕು ಎಂದು ಮೆಕ್ಯಾನಿಕ್ಕಿಗೂ ಅನ್ನಿಸುತ್ತದೆ, ಮಾಲೀಕರಿಗೂ ಅನ್ನಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಶುರುವಾಗುವುದು ಇಲ್ಲಿಂದ.

ಈಗ ವೋಲ್ಟಿನ ಲೆಕ್ಕಕ್ಕೆ ಬರೋಣ. ಈ ನಾಡಿಗೆ ಈ ಲೆಕ್ಕ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟು ಕಳಿಸಿದರು. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳಿಸಿದ್ದಕ್ಕೆ ಕಾರಣ ದಾರಿಯ ನಷ್ಟ. ತಂತಿಯಲ್ಲಿ ಆಂಪಿಯರ್ ಹೆಚ್ಚಾದಷ್ಟೂ ವೋಲ್ಟು ದಾರಿಯಲ್ಲೇ ಕರಗುತ್ತದೆ. ಅದೇ ಕೆಲಸವನ್ನು ಹೆಚ್ಚು ವೋಲ್ಟಿನಲ್ಲಿ, ಕಡಿಮೆ ಆಂಪಿಯರಿನಲ್ಲಿ ಮಾಡಿದರೆ ನಷ್ಟ ಕಡಿಮೆ. 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದೂ ಇದೇ ಲೆಕ್ಕದ ಬಲದಿಂದ.

ಕಾರಿನಲ್ಲಿ ಈ ಅನುಕೂಲವಿಲ್ಲ. ಇರುವುದೇ 12 ವೋಲ್ಟು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟು, ಅರ್ಧ ಖಾಲಿಯಾದರೆ ಸುಮಾರು 12.2, ಎಂಜಿನ್ ಓಡುವಾಗ ಹೆಚ್ಚುಕಡಿಮೆ 13.8ರಿಂದ 14.5. ಗ್ಲಾಸಿನ ಮೋಟಾರು ಓಡುವಾಗ 5ರಿಂದ 10 ಆಂಪಿಯರ್ ಎಳೆಯುತ್ತದೆ, ಗ್ಲಾಸ್ ಸಿಕ್ಕಿಕೊಂಡರೆ ಇನ್ನೂ ಹೆಚ್ಚು. ಮನೆಯ 230 ವೋಲ್ಟಿನಲ್ಲಿ ಮೂರೂವರೆ ವೋಲ್ಟು ದಾರಿಯಲ್ಲಿ ಹೋದರೆ ಮಿಕ್ಸಿಗೆ ಗೊತ್ತೂ ಆಗುವುದಿಲ್ಲ. ಕಾರಿನಲ್ಲಿ ಅಷ್ಟೇ ಹೋದರೆ ಕಾಲು ಭಾಗಕ್ಕಿಂತ ಹೆಚ್ಚೇ ಹೋಯಿತು. ಮಾಡ್ಯೂಲಿನ ಚಿಪ್ಪಿಗೆ ಬೇಕಾದದ್ದು 5 ವೋಲ್ಟೋ ಅದಕ್ಕಿಂತ ಕಡಿಮೆಯೋ ಇರಬಹುದು. ಆದರೆ ಹೊರಗಿನ ಕರೆಂಟು 9 ವೋಲ್ಟಿನ ಆಸುಪಾಸಿಗೆ ಕುಸಿದರೆ ಹೆಚ್ಚಿನ ಮಾಡ್ಯೂಲುಗಳು ಮೋಟಾರನ್ನು ನಿಲ್ಲಿಸಿ, ವೋಲ್ಟೇಜ್ ಕಡಿಮೆ ಎಂದು ಬರೆದಿಟ್ಟುಕೊಳ್ಳುತ್ತವೆ. ಇನ್ನೂ ಕುಸಿದರೆ ತಾವೇ ಮಲಗಿ ಮತ್ತೆ ಏಳುತ್ತವೆ.

ಒಂದು ಕಾರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾವ ಕಂಪನಿಯದು ಎಂಬುದು ಮುಖ್ಯವಲ್ಲ, ಇದು ಎಲ್ಲ ಕಂಪನಿಗಳ ಕಾರಿನಲ್ಲೂ ಆಗುವಂಥದ್ದು. ಬಸವೇಶ್ವರನಗರದ ಒಬ್ಬ ಮೇಡಂ ತಂದಿದ್ದರು. ಡ್ರೈವರ್ ಬಾಗಿಲಿನ ಗ್ಲಾಸು ಅರ್ಧಕ್ಕೆ ನಿಲ್ಲುತ್ತದೆ, ಕನ್ನಡಿ ಮಡಚುವುದಿಲ್ಲ, ಲಾಕು ಒಮ್ಮೆ ಕೆಲಸ ಮಾಡಿದರೆ ಒಮ್ಮೆ ಇಲ್ಲ. ಬೇರೊಂದು ಕಡೆ ಮಾಡ್ಯೂಲು ಬದಲಿಸಿಕೊಟ್ಟಿದ್ದರಂತೆ. ಕೆಲವು ದಿನ ಸರಿಯಿದ್ದು ಮತ್ತೆ ಅದೇ ಕಥೆ. ಸ್ಕ್ಯಾನರ್ ಹಾಕಿದರೆ ಎರಡು ಕೋಡು: ಯು0199, ಅಂದರೆ ಡ್ರೈವರ್ ಬಾಗಿಲಿನ ಮಾಡ್ಯೂಲಿನ ಜೊತೆ ಮಾತು ತಪ್ಪಿದೆ ಎಂಬುದು, ಇನ್ನೊಂದು ಯು3003, ಬ್ಯಾಟರಿ ವೋಲ್ಟೇಜಿನ ದೂರು, ಅದರ ಬಾಲಕ್ಕೆ 16.

ಅವರು ಒಂದು ಮಾತು ಹೇಳಿದರು, ನನ್ನ ಕಿವಿ ನೆಟ್ಟಗಾದದ್ದು ಅದಕ್ಕೇ. “ಬಾಗಿಲು ತೆಗೆದಿಟ್ಟು ಗುಂಡಿ ಒತ್ತಿದ್ರೆ ಗ್ಲಾಸ್ ಇಳಿಯತ್ತೆ ಸಾರ್, ಮುಚ್ಚಿ ಒತ್ತಿದ್ರೆ ನಿಂತ್‌ಬಿಡತ್ತೆ.” ಬಾಗಿಲಿನ ಸ್ಥಿತಿ ಬದಲಾದಾಗ ದೋಷವೂ ಬದಲಾಗುತ್ತದೆ ಎಂದರೆ, ಬಾಗಿಲಿನ ಜೊತೆ ಬಗ್ಗುವ ಯಾವುದೋ ಒಂದರಲ್ಲಿ ದೋಷ ಇರಬೇಕು. ಅಂಥದ್ದು ಇರುವುದು ಒಂದೇ: ಬಾಗಿಲನ್ನು ಹಿಡಿದಿರುವ ಬಾಡಿಯ ಪಿಲ್ಲರಿಗೂ ಬಾಗಿಲಿಗೂ ನಡುವಿನ ರಬ್ಬರ್ ಬೂಟಿನೊಳಗೆ ಹಾದುಹೋಗುವ ವೈರಿನ ಕಂತೆ. ಗಿರಾಕಿ ಹೇಳುವ ಇಂಥ ಸಣ್ಣ ಮಾತನ್ನು ಬರೆದಿಟ್ಟುಕೊಳ್ಳಿ ಎಂದು ಹುಡುಗರಿಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಯಾವ ಸ್ಕ್ಯಾನರೂ ಅದನ್ನು ಹೇಳುವುದಿಲ್ಲ.

ಆದರೂ ಊಹೆಯ ಮೇಲೆ ಬೂಟು ಬಿಚ್ಚಲಿಲ್ಲ, ಅಳೆದೆವು. ಡೋರ್ ಪ್ಯಾಡ್ ತೆಗೆದು, ಮಾಡ್ಯೂಲಿನ ಕಪ್ಲರ್ ಬಿಚ್ಚದೆಯೇ ಅದರ ಹಿಂಬದಿಯಿಂದ ತೆಳು ಪಿನ್ನು ತೂರಿಸಿ, ಮೀಟರಿನ ಕಪ್ಪು ತಂತಿಯನ್ನು ನೇರ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದೆವು. ಏನೂ ಒತ್ತದೆ ನೋಡಿದರೆ 12.4 ವೋಲ್ಟು. ಇಲ್ಲಿಗೇ ನಿಲ್ಲಿಸಿದ್ದರೆ ವೈರು ಸರಿಯಾಗಿದೆ, ಮಾಡ್ಯೂಲೇ ಕೆಟ್ಟಿದೆ ಎಂದು ಬರೆದು ಕಳಿಸಬಹುದಿತ್ತು. ಮೊದಲು ನೋಡಿದವರಿಗೂ ಸಿಕ್ಕಿದ್ದು ಇದೇ ಸಂಖ್ಯೆ ಇರಬೇಕು.

ಬಾಗಿಲು ಮುಚ್ಚಿ, ಒಬ್ಬ ಹುಡುಗ ಒಳಗೆ ಕೂತು ಗ್ಲಾಸಿನ ಗುಂಡಿ ಒತ್ತಿದ. 12.4 ಇದ್ದದ್ದು 8.5ಕ್ಕೆ ಬಿತ್ತು, ಮೋಟಾರು ನಿಂತಿತು, ಕೂಡಲೇ 12.4ಕ್ಕೆ ವಾಪಸ್ಸು. ಅದೇ ಹೊತ್ತಿಗೆ ಬ್ಯಾಟರಿಯ ಮೇಲೆ ಇನ್ನೊಂದು ಮೀಟರು ಇತ್ತು, ಅಲ್ಲಿ 12.3ಕ್ಕಿಂತ ಕೆಳಗೆ ಇಳಿಯಲಿಲ್ಲ. ಬ್ಯಾಟರಿ ಗಟ್ಟಿ ಇದೆ, ನಷ್ಟ ದಾರಿಯಲ್ಲಿದೆ. ಮುಂದೆ ಪಿಲ್ಲರಿನ ಒಳಬದಿಯ ಕಪ್ಲರಿನಲ್ಲಿ ಅಳೆದೆವು. ಗುಂಡಿ ಒತ್ತಿದಾಗ 12.1. ಅಂದರೆ ಬ್ಯಾಟರಿಯಿಂದ ಪಿಲ್ಲರಿನವರೆಗಿನ ಉದ್ದನೆಯ ದಾರಿಯಲ್ಲಿ ಹೋದದ್ದು 0.2 ವೋಲ್ಟು, ಪಿಲ್ಲರಿನಿಂದ ಮಾಡ್ಯೂಲಿನವರೆಗಿನ ಎರಡು ಮೊಳದಲ್ಲಿ ಹೋದದ್ದು 3.6 ವೋಲ್ಟು.

ಕ್ಲ್ಯಾಂಪ್ ಮೀಟರು ಹಾಕಿದರೆ 7 ಆಂಪಿಯರ್. 3.6ನ್ನು 7ರಿಂದ ಭಾಗಿಸಿದರೆ ಸುಮಾರು ಅರ್ಧ ಓಮ್. ಆ ಅರ್ಧ ಓಮಿನಲ್ಲಿ ಬಿಸಿಯಾಗಿ ಹೋಗುತ್ತಿದ್ದದ್ದು 3.6ನ್ನು 7ರಿಂದ ಗುಣಿಸಿದಷ್ಟು, ಅಂದರೆ 25 ವ್ಯಾಟು. ನಾವು ಸರ್ಕ್ಯೂಟ್ ಬೋರ್ಡಿಗೆ ಬಳಸುವ ಸಣ್ಣ ಸಾಲ್ಡರಿಂಗ್ ಐರನ್ನಿನ ಮೇಲೆ ಬರೆದಿರುವುದೂ 25 ವ್ಯಾಟೇ. ಗ್ಲಾಸು ಇಳಿಸಿದ ಪ್ರತಿ ಸಲವೂ ಆ ರಬ್ಬರಿನೊಳಗೆ ಅಷ್ಟು ಬಿಸಿ ಒಂದೆರಡು ಕ್ಷಣ ಏಳುತ್ತಿತ್ತು. ಫ್ಯೂಸ್ ಇದನ್ನು ತಡೆಯುವುದಿಲ್ಲ. 7 ಆಂಪಿಯರ್ ಆ ಫ್ಯೂಸಿನ ಮಟ್ಟಿಗೆ ದಿನನಿತ್ಯದ ಕೆಲಸ.

ಬೂಟನ್ನು ಪಿಲ್ಲರಿನ ಕಡೆಯಿಂದ ಹಿಂದೆ ಸರಿಸಿದೆವು. ದಪ್ಪ ಕೆಂಪು ವೈರಿನ ಪ್ಲಾಸ್ಟಿಕ್ಕು ಒಂದು ಕಡೆ ಬಿರುಕು ಬಿಟ್ಟಿತ್ತು, ಆ ಜಾಗದ ಸುತ್ತ ಬಣ್ಣ ಕಂದಿತ್ತು. ಬ್ಲೇಡಿನಿಂದ ಸೀಳಿದರೆ ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ, ತುದಿಗೆ ತುದಿ ತಾಗಿಕೊಂಡು ಕೂತಿದ್ದವು. ನಡುವೆ ಹಸಿರು ಕಿಲುಬು. ಎರಡು ಮೂರು ಎಳೆ ಗಟ್ಟಿಯಾಗಿ ಉಳಿದಿದ್ದರೂ ಅಷ್ಟು ಸಣ್ಣ ಉದ್ದಕ್ಕೆ ಇಷ್ಟು ನಷ್ಟ ಆಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಷ್ಟ ಮಾಡುವುದು ತುಂಡಾದ ತುದಿಗಳ ನಡುವಿನ ಕಿಲುಬಿನ ಪದರ. ಬಾಗಿಲು ತೆರೆದಾಗ ವೈರು ಒಂದು ಬಗೆಯಲ್ಲಿ ಬಗ್ಗಿ ತುದಿಗಳು ಒತ್ತಿಕೊಳ್ಳುತ್ತಿದ್ದವು, ಮುಚ್ಚಿದಾಗ ಸಡಿಲವಾಗುತ್ತಿದ್ದವು. ಮೇಡಂ ಹೇಳಿದ್ದು ಅಕ್ಷರಶಃ ಇದನ್ನೇ.

“ಪಾರ್ಟ್ ಏನೂ ಬೇಡ ಮೇಡಂ, ವೈರು ಒಳಗೇ ತುಂಡಾಗಿದೆ” ಎಂದೆ. “ಹಾಗಾದ್ರೆ ಆವಾಗ ಹಾಕ್ಸಿದ್ದು?” ಎಂದು ಕೇಳಿದರು. ಹಳೆಯ ಮಾಡ್ಯೂಲನ್ನು ಅವರು ಇಸಿದುಕೊಂಡು ಬಂದಿರಲಿಲ್ಲ. ಅದು ಸರಿಯಾಗಿಯೇ ಇದ್ದಿರಬೇಕು. ಮಾಡ್ಯೂಲು ಹಾಕುವಾಗ ವೈರಿನ ಕಂತೆಯನ್ನು ಅಲುಗಾಡಿಸಿದ್ದರಿಂದ ತುದಿಗಳು ಮತ್ತೆ ತಾಗಿಕೊಂಡು ಕೆಲವು ದಿನ ನಡೆದಿದೆ. ಈ “ಕೆಲವು ದಿನ ಸರಿಯಾಯಿತು” ಎಂಬುದೇ ಎಷ್ಟೋ ಮೆಕ್ಯಾನಿಕ್ಕುಗಳನ್ನು ತಪ್ಪು ನಂಬಿಕೆಗೆ ದೂಡುತ್ತದೆ.

ಏನೂ ಒತ್ತದಿದ್ದಾಗ ಮೀಟರು 12.4 ತೋರಿಸಿದ್ದು ಏಕೆ? ಡಿಜಿಟಲ್ ಮೀಟರು ತಾನು ಅಳೆಯಲು ಎಳೆಯುವ ಕರೆಂಟು ಬಹಳ ಅಲ್ಪ. ಅದರ ಒಳಗಿನ ತಡೆ ಸಾಮಾನ್ಯವಾಗಿ 1 ಕೋಟಿ ಓಮ್. ದಾರಿಯಲ್ಲಿ 10 ಸಾವಿರ ಓಮಿನಷ್ಟು ಕಿಲುಬು ಕೂತಿದ್ದರೂ ಮೀಟರಿನಲ್ಲಿ ಕಾಣುವ ಇಳಿತ ಒಂದು ವೋಲ್ಟಿನ ನೂರನೇ ಒಂದು ಭಾಗ ಮಾತ್ರ. ಓಮ್ ಅಳತೆಯೂ ಇಲ್ಲಿ ಕೈಹಿಡಿಯುವುದಿಲ್ಲ. ಅರ್ಧ ಓಮಿನ ದೋಷ ಹುಡುಕುವಾಗ ಮೀಟರಿನ ತಂತಿಗಳದ್ದೇ ಕಾಲು ಓಮ್ ಇರುತ್ತದೆ. ಅದಕ್ಕೇ ಹಳೆಯ ಎಲೆಕ್ಟ್ರಿಷಿಯನ್ನರು ಟೆಸ್ಟ್ ಲ್ಯಾಂಪ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅವರ ಕಡೆ ಒಂದು ಸತ್ಯವಿತ್ತು: ಲ್ಯಾಂಪು ಕರೆಂಟು ಎಳೆಯುತ್ತದೆ. ಇವತ್ತೂ ಮೋಟಾರಿನ ಲೈನು ಪರೀಕ್ಷಿಸಲು 55 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬು ಒಳ್ಳೆಯ ಸಾಧನ, ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬಲ್ಬು ಹಚ್ಚಿ ಪಕ್ಕದಲ್ಲೇ ಮೀಟರು ಹಿಡಿದರೆ ಲೈನಿನ ನಿಜವಾದ ಶಕ್ತಿ ಗೊತ್ತಾಗುತ್ತದೆ. ಆದರೆ ಕ್ಯಾನ್, ಲಿನ್ ವೈರುಗಳಿಗಾಗಲಿ ಸೆನ್ಸರಿನ 5 ವೋಲ್ಟು ಲೈನಿಗಾಗಲಿ ಯಾವ ಕಾರಣಕ್ಕೂ ಈ ಬಲ್ಬನ್ನು ಮುಟ್ಟಿಸಬೇಡಿ. ಮಾಡ್ಯೂಲಿನೊಳಗಿನ ಚಿಪ್ಪು ಅದನ್ನು ತಾಳುವುದಿಲ್ಲ. ಹಳೆಯ ಅಭ್ಯಾಸದಿಂದ ಹೀಗೆ ಸುಟ್ಟ ಮಾಡ್ಯೂಲುಗಳೂ ನಮ್ಮಲ್ಲಿ ಕಡಿಮೆಯಿಲ್ಲ.

ಕೋಡಿನ ಬಗ್ಗೆ ಎರಡು ಮಾತು. ಯು ಅಂದರೆ ಜಾಲದ ದೂರು, ಬಿ ಅಂದರೆ ಕಾರಿನ ಬಾಡಿಯ ಕಡೆಯದು, ಪಿ ಎಂಜಿನ್ನು ಗೇರಿನ ಕಡೆಯದು. ಯು0199ನ್ನು ಬರೆದಿಟ್ಟದ್ದು ಯಾರು ಎಂದು ಮೊದಲು ಕೇಳಬೇಕು. ಬಾಗಿಲಿನ ಮಾಡ್ಯೂಲು ಅದನ್ನು ಬರೆಯಲಾರದು, ಮಾತು ನಿಲ್ಲಿಸಿದ್ದೇ ಅದು. ಬರೆದದ್ದು ಕಾರಿನ ಒಳಗಿರುವ ಬಾಡಿ ಮಾಡ್ಯೂಲು: “ಕರೆದೆ, ಉತ್ತರ ಬರಲಿಲ್ಲ” ಎಂದಷ್ಟೇ ಅದರ ಅರ್ಥ. ಉತ್ತರ ಬಾರದಿರಲು ಕರೆಂಟು ಹೋಗಿರಬಹುದು, ಅರ್ತ್ ಹೋಗಿರಬಹುದು, ಮಾತಿನ ವೈರು ಹೋಗಿರಬಹುದು; ಮಾಡ್ಯೂಲು ಸತ್ತಿರುವುದು ನಾಲ್ಕನೆಯ ಸಾಧ್ಯತೆ. ಇನ್ನು ಕೋಡಿನ ಬಾಲದಲ್ಲಿ 16 ಬಂದರೆ ವೋಲ್ಟೇಜು ಮಿತಿಗಿಂತ ಕೆಳಗೆ, 17 ಬಂದರೆ ಮಿತಿಗಿಂತ ಮೇಲೆ. ಅಗ್ಗದ ಸ್ಕ್ಯಾನರುಗಳು ಈ ಬಾಲವನ್ನು ತೋರಿಸುವುದೇ ಇಲ್ಲ. ಎರಡು ತದ್ವಿರುದ್ಧ ಕಾಯಿಲೆಗಳಿಗೆ ಒಂದೇ ಹೆಸರು ಕೊಟ್ಟಂತಾಗುತ್ತದೆ.

ವೋಲ್ಟೇಜು ಮಿತಿಗಿಂತ ಮೇಲೆ ಹೋಗುವ ದೋಷದ ಮೂಲ ಬಾಗಿಲಿನಲ್ಲಿ ಇರುವುದು ಅಪರೂಪ. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು 15.5, 16 ವೋಲ್ಟಿಗೆ ಹೋದಾಗ, ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಸಡಿಲವಾದಾಗ, ಇಲ್ಲವೇ ಯಾರೋ 24 ವೋಲ್ಟಿನ ಲಾರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿದಾಗ ಅದು ಬರುತ್ತದೆ. ಆಗ ಬಾಗಿಲೊಂದೇ ದೂರುವುದಿಲ್ಲ, ಕಾರಿನಲ್ಲಿರುವ ಪೆಟ್ಟಿಗೆಗಳೆಲ್ಲ ದೂರುತ್ತವೆ. ಒಂದೇ ಬಾಗಿಲು ದೂರಿದರೆ ಆ ಬಾಗಿಲಿನ ದಾರಿ ನೋಡಿ, ಎಲ್ಲವೂ ದೂರಿದರೆ ಬ್ಯಾಟರಿ, ಆಲ್ಟರ್ನೇಟರ್, ಬಾಡಿಯ ಮುಖ್ಯ ಅರ್ತ್ ನೋಡಿ. ಎಷ್ಟೋ ಹೊತ್ತು ಉಳಿಯುವುದು ಈ ಒಂದು ವಿಂಗಡಣೆಯಿಂದ.

ಅರ್ತ್ ಎಂದೆ. ನಮ್ಮವರು ಪಾಸಿಟಿವ್ ವೈರನ್ನು ಅಳೆದಷ್ಟು ಶ್ರದ್ಧೆಯಿಂದ ಅರ್ತ್ ಅಳೆಯುವುದಿಲ್ಲ. ಹೋದ ಕರೆಂಟು ವಾಪಸ್ಸು ಬರಬೇಕಲ್ಲ. ಗುಂಡಿ ಒತ್ತಿಕೊಂಡೇ ಮಾಡ್ಯೂಲಿನ ಅರ್ತ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರು ಹಿಡಿಯಿರಿ. 0.1 ಬಂದರೆ ಒಳ್ಳೆಯದು, 0.2ರವರೆಗೆ ಒಪ್ಪಬಹುದು, ಅರ್ಧ ವೋಲ್ಟು ದಾಟಿದರೆ ಅಲ್ಲೇ ದೋಷ. ಟಿಂಕರಿಂಗ್, ಪೇಂಟಿಂಗ್ ಆದ ಕಾರಿನಲ್ಲಿ ಅರ್ತ್ ಬೋಲ್ಟಿನ ಕೆಳಗೂ ಪೇಂಟು ಹೊಡೆದು ಬಿಗಿದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹೊರಗಿನಿಂದ ನೋಡಲು ಬೋಲ್ಟು ಬಿಗಿಯಾಗಿಯೇ ಇರುತ್ತದೆ. ಕೆರೆದು ಲೋಹ ಕಾಣಿಸಿ ಬಿಗಿದರೆ ಕೆಲಸ ಮುಗಿಯಿತು.

ಈಗ ನೀರಿನ ವಿಷಯ. ಇದನ್ನು ನಾನು ತುಂಬ ಗಂಭೀರವಾಗಿ ಹೇಳುತ್ತಿದ್ದೇನೆ, ದಯವಿಟ್ಟು ಮಾಲೀಕರೂ ಕೇಳಿಸಿಕೊಳ್ಳಿ. ಕಾರಿನ ಬಾಗಿಲೊಳಗೆ ಮಳೆನೀರು ಬರುವುದು ಸಹಜ. ಗ್ಲಾಸಿನ ಬೀಡಿಂಗ್ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ನೀರು ಗ್ಲಾಸಿನ ಜೊತೆ ಕೆಳಗಿಳಿಯುತ್ತದೆ. ಅದಕ್ಕೇ ಬಾಗಿಲಿನ ತಳದಲ್ಲಿ ತೂತುಗಳಿವೆ, ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಶೀಟು ಅಂಟಿಸಿರುತ್ತಾರೆ. ಶೀಟಿನ ಆಚೆ ನೀರು, ಈಚೆ ಎಲೆಕ್ಟ್ರಾನಿಕ್ಸು. ಸ್ಪೀಕರ್ ಹಾಕುವಾಗ, ಗ್ಲಾಸ್ ಮೆಷಿನ್ ಬದಲಿಸುವಾಗ ಆ ಶೀಟನ್ನು ಹರಿದು ಬಿಸಾಡುತ್ತಾರೆ, ಪ್ಯಾಡ್ ಮುಚ್ಚಿದ ಮೇಲೆ ಯಾರಿಗೆ ಕಾಣುತ್ತದೆ ಎಂದು. ನಮ್ಮ ಬೀದಿಗಳಲ್ಲಿ ಕಾರುಗಳು ನಿಲ್ಲುವುದು ಹೊಂಗೆ ಮರದ ಕೆಳಗೆ. ಉದುರಿದ ಹೂವು, ಎಲೆಯ ಪುಡಿ, ರಸ್ತೆಯ ಧೂಳು ಸೇರಿ ತಳದ ತೂತುಗಳು ಕಟ್ಟಿಕೊಳ್ಳುತ್ತವೆ. ಸೆಪ್ಟೆಂಬರ್, ಅಕ್ಟೋಬರಿನ ಜಡಿಮಳೆ ಬಂದಾಗ ಬಾಗಿಲು ತೆರೆದರೆ ಒಳಗೆ ನೀರು ಗುಳುಗುಳು ಎನ್ನುತ್ತದೆ. ಆ ಶಬ್ದ ಕೇಳಿದ ದಿನವೇ ತೂತು ಬಿಡಿಸಿ. ಕಪ್ಲರಿನೊಳಗೆ ನೀರು ಹೋಗಿ ಪಿನ್ನಿಗೆ ಕಿಲುಬು ಹಿಡಿಯಲು ಬಹಳ ಕಾಲ ಬೇಕಿಲ್ಲ.

ಇದು ಬರೀ ಗ್ಲಾಸು ಇಳಿಯದಿರುವ ಕಿರಿಕಿರಿ ಎಂದು ಭಾವಿಸಬೇಡಿ. 2010ರ ಜನವರಿಯಲ್ಲಿ ಹೋಂಡಾ ಕಂಪನಿ ಜಗತ್ತಿನಾದ್ಯಂತ ಸುಮಾರು 6 ಲಕ್ಷ 46 ಸಾವಿರ ಕಾರುಗಳನ್ನು ವಾಪಸ್ಸು ಕರೆಯಿತು. ಭಾರತದಲ್ಲಿ 2007ರಲ್ಲಿ ತಯಾರಾದ ಸಿಟಿ ಕಾರುಗಳು ಅದರಲ್ಲಿದ್ದವು. ತೆರೆದ ಗ್ಲಾಸಿನಿಂದ ಬಂದ ನೀರು ಡ್ರೈವರ್ ಬಾಗಿಲಿನ ಮುಖ್ಯ ಸ್ವಿಚ್ಚಿನೊಳಗೆ ಇಳಿದರೆ ಅದು ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು ಎಂಬುದು ಕಾರಣ. ಅದಕ್ಕೆ ಮೊದಲು ದಕ್ಷಿಣ ಆಫ್ರಿಕದಲ್ಲಿ ಇಂಥ ಕಾರಿಗೆ ಬೆಂಕಿ ಬಿದ್ದು ಪುಟ್ಟ ಮಗುವೊಂದು ತೀರಿಕೊಂಡಿತ್ತು. 2012ರ ಅಕ್ಟೋಬರಿನಲ್ಲಿ ಟೊಯೊಟ ಕಂಪನಿ ಸುಮಾರು 74 ಲಕ್ಷ ಕಾರುಗಳನ್ನು ಕರೆದದ್ದೂ ಬಾಗಿಲಿನ ಸ್ವಿಚ್ಚಿಗಾಗಿಯೇ. ಒಳಗಿನ ಗ್ರೀಸು ಸಮವಾಗಿ ಹರಡಿರಲಿಲ್ಲ, ಸ್ವಿಚ್ಚು ಬಿಗಿಯಾಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಸ್ಪ್ರೇ ಹೊಡೆದರೆ ಕರಗಿ ಹೊಗೆ ಬರುವ ಅಪಾಯವಿತ್ತು. ನಮ್ಮ ಕೆಂಗೇರಿ ದಾಟಿದರೆ ಸಿಗುವ ಬಿಡದಿಯಲ್ಲಿ ಕಾರ್ಖಾನೆ ನಡೆಸುವ ಟೊಯೊಟ ಕಿರ್ಲೋಸ್ಕರ್ ಕೂಡ ಆಗ ಕರೊಲಾ, ಕ್ಯಾಮ್ರಿ ಕಾರುಗಳ ಸ್ವಿಚ್ಚುಗಳನ್ನು ನೋಡಿಕೊಟ್ಟಿತು. ಜಗತ್ತಿನ ದೊಡ್ಡ ಕಂಪನಿಗಳನ್ನೇ ಕಂಗೆಡಿಸಿದ ದೋಷ ಇದು. ಬಿಗಿಯಾದ ಸ್ವಿಚ್ಚಿಗೆ ಸಿಕ್ಕಿದ ಸ್ಪ್ರೇ ಹೊಡೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಬೂಟಿನೊಳಗೆ ತುಂಡಾದ ವೈರನ್ನು ಸರಿಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ. ತುಂಡಾದಲ್ಲೇ ತಿರುಚಿ ಟೇಪು ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತದೆ. ಅಲ್ಲೇ ಬೆಸುಗೆ ಹಾಕುವುದೂ ಸರಿಯಲ್ಲ. ಬೆಸುಗೆ ಹಾಕಿದ ಜಾಗ ಗಡುಸಾಗುತ್ತದೆ, ಬಾಗಿಲು ಮುಚ್ಚಿ ತೆರೆಯುವಾಗ ಅದರ ಅಂಚಿನಲ್ಲೇ ಎಳೆಗಳು ಮುರಿಯುತ್ತವೆ. ಬಗ್ಗುವ ಭಾಗವನ್ನು ಪೂರ್ತಿ ತೆಗೆದು, ನಯವಾದ ಹೆಚ್ಚು ಎಳೆಗಳಿರುವ ಹೊಸ ವೈರನ್ನು ಬೂಟಿನ ಮೂಲಕ ಹಾಯಿಸಿ, ಒಂದು ಜೋಡಣೆ ಪಿಲ್ಲರಿನ ಒಳಗೆ, ಇನ್ನೊಂದು ಬಾಗಿಲಿನ ಒಳಗೆ ಬರುವಂತೆ ನೋಡಿಕೊಳ್ಳಬೇಕು. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗುವ ಸ್ಲೀವು ಹಾಕಿ, ಬೂಟನ್ನು ಎರಡೂ ಕಡೆ ಅದರ ತೋಡಿನಲ್ಲಿ ಕೂರಿಸಬೇಕು. ಆಮೇಲೆ ಮತ್ತೆ ಅಳೆಯಬೇಕು. ಆ ಮೇಡಂ ಕಾರಿನಲ್ಲಿ ಕೆಲಸ ಮುಗಿದ ಮೇಲೆ ಗುಂಡಿ ಒತ್ತಿದಾಗ ಮಾಡ್ಯೂಲಿನಲ್ಲಿ 11.9 ವೋಲ್ಟು ಬಂತು.

ಇನ್ನೊಂದು ಬಗೆಯ ದೋಷವನ್ನು ಹೇಳದಿದ್ದರೆ ಮಾತು ಅಪೂರ್ಣ. ಬಾಗಿಲಿನ ಲಾಕಿನೊಳಗೆ ಒಂದು ಸಣ್ಣ ಸ್ವಿಚ್ಚಿದೆ, ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಹೇಳುವುದು ಅದರ ಕೆಲಸ. ಅದು ಕೆಟ್ಟರೆ ಬಾಗಿಲು ತೆರೆದೇ ಇದೆ ಎಂದು ಕಾರು ನಂಬುತ್ತದೆ, ಮಾಡ್ಯೂಲುಗಳು ನಿದ್ದೆಗೆ ಹೋಗುವುದಿಲ್ಲ. ಮಲಗಿದ ಕಾರು 50 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಬಾರದು. ಎಚ್ಚರವಾಗಿದ್ದು ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್ ಅವರ್ ಹೋಯಿತು. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಮೂರು ದಿನಕ್ಕೆ ಖಾಲಿ. ಮನೆಯಿಂದಲೇ ಕೆಲಸ ಮಾಡುವವರ ಕಾರು ವಾರಗಟ್ಟಲೆ ನಿಂತಿರುತ್ತದೆ. ಸೋಮವಾರ ಸೆಲ್ಫ್ ಹೊಡೆಯುವುದಿಲ್ಲ, ಹೊಸ ಬ್ಯಾಟರಿ ಹಾಕಿಸುತ್ತಾರೆ, ಅದೂ ಮುಂದಿನ ವಾರ ಮಲಗುತ್ತದೆ. ಇಲ್ಲಿ ದೋಷ ಬ್ಯಾಟರಿಯಲ್ಲೂ ಇಲ್ಲ, ಮಾಡ್ಯೂಲಿನಲ್ಲೂ ಇಲ್ಲ. ಲಾಕ್ ಹಾಕಿ ಅರ್ಧ ಗಂಟೆ ಕಾದು ಕರೆಂಟು ಅಳೆದರೆ ಸಿಗುತ್ತದೆ. ಆ ಅರ್ಧ ಗಂಟೆ ಕಾಯುವ ತಾಳ್ಮೆ ಬೇಕು, ಕಾಯಲು ಬಿಡುವ ಮಾಲೀಕರೂ ಬೇಕು.

ಮತ್ತೆ ಕೂಲಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಮಾಡ್ಯೂಲು ಬದಲಿಸಿದರೆ ಪಾರ್ಟಿನ ಬಿಲ್ಲು ಇರುತ್ತದೆ, ಮಾಲೀಕರು ಮರುಮಾತಾಡದೆ ಸಾವಿರಗಟ್ಟಲೆ ಕೊಡುತ್ತಾರೆ. ಎರಡು ಗಂಟೆ ಅಳೆದು ಒಂದಡಿ ವೈರು ಹಾಕಿದರೆ, “ಒಂದು ವೈರಿಗೆ ಇಷ್ಟಾ?” ಎನ್ನುತ್ತಾರೆ. ಅಳೆಯಬಲ್ಲ ಹುಡುಗ ಇದನ್ನು ನಾಲ್ಕು ಸಲ ಕೇಳಿದ ಮೇಲೆ ತಾನೂ ಪಾರ್ಟು ಬದಲಿಸುವವನಾಗುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ದೋಷ ಹುಡುಕುವ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಕೂಲಿ ಇರಬೇಕು. ಅದನ್ನು ಕೆಲಸ ಶುರುಮಾಡುವ ಮೊದಲೇ ಹೇಳಬೇಕು, ಪಾರ್ಟು ಹಾಕಿದರೂ ಹಾಕದಿದ್ದರೂ ಅದು ಸಲ್ಲಬೇಕು. ಬದಲಿಗೆ ಮಾಲೀಕರು ಕೇಳಬೇಕಾದದ್ದು ಅಳತೆಯ ಚೀಟಿ, ಜೊತೆಗೆ ಬಿಚ್ಚಿದ ಹಳೆಯ ಪಾರ್ಟು.

ಅಂಥ ಒಂದು ಚೀಟಿಯನ್ನು ಕನ್ನಡದಲ್ಲಿ ಸಿದ್ಧಮಾಡಿ ತಂದಿದ್ದೇನೆ. ಅರ್ಧ ಪುಟ ಅಷ್ಟೇ. ಗಿರಾಕಿ ಹೇಳಿದ ಮಾತು ಅವರದೇ ಪದಗಳಲ್ಲಿ. ಕೋಡು, ಅದರ ಬಾಲ, ಅದನ್ನು ಬರೆದ ಮಾಡ್ಯೂಲು. ಲೋಡ್ ಇಲ್ಲದಾಗ ಮತ್ತು ಇದ್ದಾಗ ಬ್ಯಾಟರಿ, ಪಿಲ್ಲರ್, ಮಾಡ್ಯೂಲುಗಳಲ್ಲಿ ಸಿಕ್ಕ ವೋಲ್ಟು. ಅರ್ತ್ ಕಡೆಯ ನಷ್ಟ. ಕೆಲಸದ ನಂತರ ಅದೇ ಅಳತೆಗಳು ಮತ್ತೊಮ್ಮೆ. ಪ್ರತಿಗಳು ಮೇಜಿನ ಮೇಲಿವೆ, ಗ್ಯಾರೇಜಿನವರು ತೆಗೆದುಕೊಂಡು ಹೋಗಿ ಬಳಸಿ, ಬೇಕಾದಂತೆ ತಿದ್ದಿಕೊಳ್ಳಿ. ಹೊರಗೆ ಒಂದು ಕಾರಿನ ಹಳೆಯ ಬಾಗಿಲನ್ನೂ ಬ್ಯಾಟರಿಯನ್ನೂ ಇಟ್ಟಿದ್ದೇವೆ. ವೈರಿನಲ್ಲಿ ಒಂದು ಕಡೆ ದೋಷ ಇಟ್ಟಿದ್ದೇನೆ. ಚಹಾ ಆದ ಮೇಲೆ ಮೀಟರು ಹಿಡಿದು ಯಾರು ಬೇಕಾದರೂ ಹುಡುಕಬಹುದು, ನಾನು ಅಲ್ಲೇ ಇರುತ್ತೇನೆ.